ಕೊಚ್ಚಿಯಿಂದ ತಿರುಗಿದ ಹಾಯಿದೋಣಿ

ದಾಂಡೇಲಿಯಲ್ಲಿ ಶಿವಯೋಗಿಯನ್ನು ಬಲ್ಲವರಿಗೆಲ್ಲ ಅವನದೊಂದು ಸ್ವಭಾವ ಗೊತ್ತು. ಎದುರಿಗೆ ಹೊಗಳಿದರೆ ಅವನು ಕೂತಲ್ಲಿ ಕೂರುವುದಿಲ್ಲ. ಚಹಾ ಅರ್ಧಕ್ಕೇ ಬಿಟ್ಟು, "ಸ್ವಲ್ಪ ಕೆಲಸ ಐತ್ರಿ" ಎಂದು ಎದ್ದುಬಿಡುತ್ತಾನೆ. ಎಷ್ಟು ಸಂಕೋಚದ ಮನುಷ್ಯ ಎಂದು ಜನ ಇನ್ನಷ್ಟು ಹೊಗಳುತ್ತಾರೆ. ಅದು ಸಂಕೋಚ ಅಲ್ಲ ಎಂಬುದು ಬಹಳ ಕಾಲ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ಅವನೇ. ಇನ್ನೊಬ್ಬರು ಹಳಿಯಾಳದ ಸುನಂದಾ.

ಶಿವಯೋಗಿಯ ತಂದೆ ಶಂಕ್ರಪ್ಪ ಕಲಘಟಗಿ ಕಡೆಯವರು. ಪೇಪರ್ ಮಿಲ್ಲಿನ ಕೆಲಸಕ್ಕೆಂದು ದಾಂಡೇಲಿಗೆ ಬಂದು ಅಲ್ಲಿಯೇ ಬೇರೂರಿದವರು. ಮಗನಿಗೂ ಮಿಲ್ಲಿನಲ್ಲೇ ಒಂದು ಕೆಲಸ ಸಿಗಲಿ ಎಂದು ಅವರಿಗಿತ್ತು. ಮಗ ಮಾತ್ರ ಹುಡುಗನಾಗಿದ್ದಾಗಿನಿಂದ ಕೋಗಿಲಬನದ ಹತ್ತಿರ ಕಾಳಿ ನದಿಯಲ್ಲೇ ಬಿದ್ದಿರುತ್ತಿದ್ದ. ದೊಡ್ಡವನಾದ ಮೇಲೆ ಗಣೇಶಗುಡಿಯಲ್ಲಿ ಪ್ರವಾಸಿಗರನ್ನು ರಾಫ್ಟಿನಲ್ಲಿ ಕರೆದೊಯ್ಯುವ ಗೈಡ್ ಆದ. ಒಮ್ಮೆ ಕೆಲವು ಕಾಲ ರಾಫ್ಟಿಂಗ್ ನಿಂತಿತು. ಹೊಟ್ಟೆಪಾಡಿಗೆಂದು ಗೋವೆಗೆ ಹೋದವನು ಹಾಯಿದೋಣಿಗಳನ್ನು ಒಂದು ಬಂದರಿನಿಂದ ಇನ್ನೊಂದಕ್ಕೆ ಮುಟ್ಟಿಸುವವರ ಜೊತೆ ಸೇರಿಕೊಂಡ. ಹಗ್ಗ, ಹಾಯಿ, ಎಂಜಿನ್, ಓಲಾಡುವ ಒಲೆಯ ಮೇಲೆ ಅನ್ನ ಬೇಯಿಸುವುದು, ಎಲ್ಲ ಕಲಿತ. ಬಡಗಣಕ್ಕೆ ಮುಂಬಯಿವರೆಗೆ, ತೆಂಕಣಕ್ಕೆ ಕೊಚ್ಚಿವರೆಗೆ ಹಲವು ಸಲ ಹೋಗಿಬಂದ. ಆದರೆ ಆ ದೋಣಿಗಳೆಲ್ಲ ದಡವನ್ನು ಎಡಕ್ಕೋ ಬಲಕ್ಕೋ ಇಟ್ಟುಕೊಂಡೇ ಹೋಗಿದ್ದವು. ದಡವೇ ಕಾಣದ ಕಡಲಿನಲ್ಲಿ ದಿನಗಟ್ಟಲೆ ಇದ್ದವನಲ್ಲ ಶಿವಯೋಗಿ. ಈ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಮತ್ತೆ ರಾಫ್ಟಿಂಗ್ ಶುರುವಾದಾಗ ಊರಿಗೆ ಬಂದ. ಆಗ ಸಿಕ್ಕವರು ಮಹಾಂತಪ್ಪ.

ಹಳಿಯಾಳದ ಬಜಾರಿನಲ್ಲಿ ಮಹಾಂತಪ್ಪನವರದು ಪಂಪು, ಪೈಪುಗಳ ಅಂಗಡಿ. ಅರವತ್ತು ದಾಟಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಬಿಳಿ ಅಂಗಿ. ವ್ಯಾಪಾರಸ್ಥರ ಗುಂಪಿನ ಜೊತೆ ರಾಫ್ಟಿನಲ್ಲಿ ಕೂರಲು ಬಂದಿದ್ದ ಅವರು, ಉಳಿದವರೆಲ್ಲ ಬಟ್ಟೆ ಬದಲಿಸಿ ಊಟಕ್ಕೆ ಹೋದ ಮೇಲೂ ಒದ್ದೆ ಅಂಗಿಯಲ್ಲೇ ನಿಂತು ಶಿವಯೋಗಿಯನ್ನು ಕೇಳಿದರು:

"ತಮ್ಮಾ, ಈ ನೀರು ಎಲ್ಲಿಗೆ ಹೋಗತೈತಿ?"

"ಸದಾಶಿವಗಡದ ಹತ್ರ ಸಮುದ್ರ ಸೇರತೈತ್ರಿ."

"ಅದು ಗೊತ್ತೈತೋ. ಅಲ್ಲಿಂದ ಮುಂದ?"

ಶಿವಯೋಗಿ ನಕ್ಕ. ಅವರು ನಗಲಿಲ್ಲ. ಮಗಳು ರೂಪಾಲಿ ಅಂಗಡಿ ನೋಡಿಕೊಳ್ಳತೊಡಗಿದ ಮೇಲೆ ಮಹಾಂತಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಫೋನಿನಲ್ಲಿ ನೋಡುತ್ತಿದ್ದದ್ದು ಒಂದೇ: ಗಂಡ-ಹೆಂಡತಿ ಇಬ್ಬರೇ, ಇಲ್ಲವೇ ಒಬ್ಬಂಟಿ ಮುದುಕರು, ಸಣ್ಣ ಹಾಯಿದೋಣಿಗಳಲ್ಲಿ ಸಮುದ್ರ ದಾಟುವ ವಿಡಿಯೋಗಳು. ಗಾಳಿಯ ದಿಕ್ಕು, ಅಲೆಯ ಎತ್ತರ, ಲಂಗರಿನ ತೂಕ, ಎಲ್ಲ ಬಾಯಿಪಾಠವಾಗಿತ್ತು. ಸಮುದ್ರದಲ್ಲಿ ಮಾತ್ರ ಪಾದ ತೋಯಿಸಿಕೊಂಡದ್ದಕ್ಕಿಂತ ಹೆಚ್ಚಿನದೇನೂ ಆಗಿರಲಿಲ್ಲ. ಶಿವಯೋಗಿ ಗೋವೆಯ ದೋಣಿಗಳಲ್ಲಿ ಕೆಲಸ ಮಾಡಿದವನು ಎಂದು ತಿಳಿದ ಮೇಲೆ ಅವರು ವಾರಕ್ಕೊಮ್ಮೆ ದಾಂಡೇಲಿಗೆ ಬರತೊಡಗಿದರು. ಶಿವಯೋಗಿಯ ಬಾಯಲ್ಲಿ ಸಾವಕಾರ್ರು ಹೋಗಿ ಕಾಕಾರು ಆದರು. ಆರು ತಿಂಗಳಲ್ಲಿ ಪಣಜಿಯ ಮಾಂಡೋವಿ ನದಿಯಲ್ಲಿ ಬಿಕರಿಗೆ ನಿಂತಿದ್ದ ಒಂದು ಹಳೆಯ ಫೈಬರ್ ಹಾಯಿದೋಣಿಯನ್ನು ಕೊಂಡೇಬಿಟ್ಟರು. ಅದಕ್ಕೆ 'ಬಯಲು' ಎಂದು ಹೆಸರಿಟ್ಟರು.

"ಕೊಚ್ಚಿಗೆ ಹೋಗೂಣು. ಅಲ್ಲಿ ಪಾಸ್‌ಪೋರ್ಟಿಗೆ ಮುದ್ರಿ ಹಾಕಿಸಿಕೊಂಡು ಮಾಲ್ಡೀವ್ಸ್. ಅಲ್ಲಿಂದ ಸೇಶೆಲ್ಸ್. ನೀ ಇದ್ದರ ನಾ ಹೊಂಟೆ. ನೀ ಇಲ್ಲಂದ್ರ ಈ ದೋಣಿ ಇಲ್ಲೇ ಕೊಳೀಲಿ," ಎಂದರು.

ಒಂದು ವರ್ಷ ಇಬ್ಬರೂ ದೋಣಿಯ ಮೇಲೆ ದುಡಿದರು. ಶಿವಯೋಗಿ ತನಗೆ ಬಂದದ್ದನ್ನೆಲ್ಲ ಕಲಿಸಿದ. ಕುಡಿಯುವ ನೀರನ್ನು ಎಂದೂ ಒಂದೇ ಟಾಕಿಯಲ್ಲಿ ಇಡಬಾರದು, ಟಾಕಿಯಲ್ಲಿ ಉಪ್ಪುನೀರು ಸೇರಿತೆಂದರೆ ಕಥೆ ಮುಗಿಯಿತು; ಅರ್ಧ ಟಾಕಿಯಲ್ಲಿ, ಅರ್ಧ ಬೇರೆ ಬೇರೆ ಕ್ಯಾನುಗಳಲ್ಲಿ. ಗಾಳಿ ಜೋರಾಗಬಹುದೇ ಎಂಬ ಅನುಮಾನ ತಲೆಯಲ್ಲಿ ಸುಳಿದ ಗಳಿಗೆಯಲ್ಲೇ ಹಾಯಿ ಮಡಿಸಿ ಸಣ್ಣದು ಮಾಡಬೇಕು, ಗಾಳಿ ಬಂದ ಮೇಲೆ ಮಡಿಸುತ್ತೇನೆ ಎಂದರೆ ಅದು ಆಗುವ ಮಾತಲ್ಲ. ಸೊಂಟದ ಪಟ್ಟಿಯನ್ನು ದೋಣಿಗೆ ಕೊಕ್ಕೆ ಹಾಕದೆ ಮೇಲೆ ಕಾಲಿಡಬಾರದು, ಸಮುದ್ರ ಸುಮ್ಮನಿದ್ದರೂ ಸರಿ. ಊರು ಮುಟ್ಟುವ ಅವಸರಕ್ಕೆ ತಾರೀಖು ನೋಡಿ ಹೊರಡಬಾರದು, ಗಾಳಿ ನೋಡಿ ಹೊರಡಬೇಕು. ಮಹಾಂತಪ್ಪನವರು ಕೈಕಟ್ಟಿ ಕೇಳುತ್ತಿದ್ದರು. ಎಂಜಿನ್ನು, ಪಂಪು, ಪೈಪು ಅವರ ಕೈಗೆ ಒಗ್ಗಿದ ಕೆಲಸ, ಅದನ್ನು ಶಿವಯೋಗಿ ಅವರಿಂದ ಕಲಿತ.

ದೂರ ಪ್ರಯಾಣದ ಊಟದ ಮಾತು ಬಂದಾಗ ಮಹಾಂತಪ್ಪ ಎದೆ ಉಬ್ಬಿಸಿ ಹೇಳಿದ್ದರು: "ವಿಡಿಯೋದಾಗ ಅವ್ರು ಬ್ರೆಡ್ಡಿಗೆ ಬೂಷ್ಟ ಬಂತಂತ ಅಳತಾರ. ನಮ್ಮ ಖಡಕ್ ರೊಟ್ಟಿಗೆ ಏನಾಗತೈತಿ?" ಹಾಗೆ ಡಿಸೆಂಬರಿನಲ್ಲಿ ಹೊರಡುವ ಮುಂಚೆ ಶಿವಯೋಗಿ ಹಳಿಯಾಳಕ್ಕೆ ಹೋದ. ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ತುಂಬಿಕೊಂಡು ಬರಲು. ಮಹಾಂತಪ್ಪ ಅಂಗಡಿಗೆ ಹೋಗಿದ್ದರು. ಅವರ ಹೆಂಡತಿ ಸುನಂದಾ ರೊಟ್ಟಿಯ ಡಬ್ಬಿಗಳಿಗೆ ಮುಚ್ಚಳ ಹಾಕುತ್ತ, ತಲೆ ಎತ್ತದೆ ಮಾತು ತೆಗೆದರು.

"ಶಿವಯೋಗಿ, ನಮ್ಮ ಅಣ್ಣ ತಟ್ಟಿಹಳ್ಳದ ನೀರಾಗ ಹೋದಾಂವ. ನಿನಗ ಗೊತ್ತೈತೇನು?"

"ಇಲ್ರಿ ಕಾಕೂ."

"ಅವತ್ತಿನಿಂದ ನನಗ ಹೊಂಡದ ನೀರು ನೋಡಿದ್ರೂ ಎದಿ ಹೊಡಕೋತೈತಿ. ಇವ್ರಿಗೆ ಬ್ಯಾಡ ಅಂದೆ, ಅತ್ತೆ, ಉಪಾಸ ಮಾಡಿದೆ. ಕೇಳಾಂಗಿಲ್ಲ." ಅವರು ಮುಚ್ಚಳ ಕೆಳಗಿಟ್ಟರು. "ನಿನ್ನ ಮಾತೊಂದು ಕೇಳತಾರ. ಕೊಚ್ಚಿತನ ಹೋಗ್ರಿ. ಅವರ ಆಸೇನೂ ತೀರಲಿ. ಆಮ್ಯಾಲ ಏನಾರ ನೆವ ಹೇಳಿ ತಿರುಗಿಸಿಕೊಂಡು ಬಾ. ನಿನಗ ಕೈ ಮುಗೀತೇನಿ."

ನಿಜಕ್ಕೂ ಕೈ ಮುಗಿದೇಬಿಟ್ಟರು. ಶಿವಯೋಗಿ ಡಬ್ಬಿಗಳನ್ನು ಎತ್ತಿಕೊಂಡು ಹೊರಗೆ ಬಂದ.

ಗೋವೆಯಿಂದ ಕೊಚ್ಚಿಯವರೆಗಿನ ದಾರಿ ಅವನ ಬದುಕಿನ ಒಳ್ಳೆಯ ದಿನಗಳಲ್ಲಿ ಸೇರುತ್ತದೆ. ಅದನ್ನು ನೆನೆದರೆ ಅವನಿಗೆ ಈಗ ಹೆಚ್ಚು ಸಂಕಟವಾಗುವುದೂ ಅದಕ್ಕೇ. ಮೊದಲೆರಡು ದಿನ ಮಹಾಂತಪ್ಪ ವಾಂತಿ ಮಾಡಿ ಮಾಡಿ ಹಣ್ಣಾದರು. ಕಾರವಾರದ ಹತ್ತಿರ ಶಿವಯೋಗಿ, "ಇಳೀತೀರೇನ್ರಿ ಕಾಕಾ?" ಎಂದು ಕೇಳಿದ. ಅವರು ಬಕೆಟ್ಟಿನಿಂದ ಮುಖ ಎತ್ತಿ, "ಅಂಗಡ್ಯಾಗ ಕುಂತು ಸಾಯೂದಕಿಂತ ಇದು ಚಲೋ ಐತಿ" ಎಂದರು. ಭಟ್ಕಳ ದಾಟುವಷ್ಟರಲ್ಲಿ ಹೊಟ್ಟೆ ನೆಟ್ಟಗಾಯಿತು. ಆಮೇಲೆ ಅವರನ್ನು ಹಿಡಿಯುವವರೇ ಇರಲಿಲ್ಲ. ಬೆಳಿಗ್ಗೆ ಕೆಳಗಿನ ಕೋಣೆಯಲ್ಲಿ ಎರಡು ಹಲಗೆಗಳ ನಡುವೆ ಬೆನ್ನು ಆನಿಸಿಕೊಂಡು, ಎಡಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡುತ್ತಿದ್ದರು. ದೋಣಿ ಎಷ್ಟು ವಾಲಿದರೂ ಆ ಅಂಗೈ ಮಾತ್ರ ಸಮನಾಗಿ ನಿಲ್ಲುತ್ತಿತ್ತು. ಪೂಜೆ ಮುಗಿಸಿ ಮೇಲೆ ಬಂದು ಚುಕ್ಕಾಣಿ ಹಿಡಿದರೆ ಮುಖದಲ್ಲಿ ಹತ್ತು ವರ್ಷ ಕಡಿಮೆಯಾದಂತೆ ಕಾಣುತ್ತಿತ್ತು. ಗಾಳಿ ಬದಲಾಗುವುದು ಶಿವಯೋಗಿಗಿಂತ ಮೊದಲು ಅವರ ಕೆನ್ನೆಗೆ ಗೊತ್ತಾಗತೊಡಗಿತು. ಮೀನುಗಾರರ ಬಲೆಯ ತೇಲುಬುರುಡೆಗಳನ್ನು ದೂರದಿಂದಲೇ ಗುರುತಿಸಿ ದೋಣಿ ತಿರುಗಿಸುತ್ತಿದ್ದರು. ಈ ಮನುಷ್ಯ ಸಮುದ್ರ ದಾಟಬಲ್ಲ ಎಂದು ಶಿವಯೋಗಿಗೆ ಖಾತ್ರಿಯಾಯಿತು. ತಾನು ದಾಟಬಲ್ಲೆನೇ ಎಂಬುದು ಮಾತ್ರ ಖಾತ್ರಿಯಾಗಲಿಲ್ಲ.

ಕೊಚ್ಚಿಯಲ್ಲಿ ಲಂಗರು ಹಾಕಿದರು. ಡೀಸೆಲ್, ನೀರು, ತರಕಾರಿ ತುಂಬಿದರು. ಕಾಗದಪತ್ರಗಳ ಕೆಲಸ ಒಂದು ಸಹಿಯ ದೂರದಲ್ಲಿತ್ತು. ಗಾಳಿ ಚೆನ್ನಾಗಿತ್ತು. ಹೊರಡುವ ಮುನ್ನ ಮಾಡಲೇಬೇಕಾದ ಕೊನೆಯ ಕೆಲಸವೆಂದರೆ ಹಾಯಿಕಂಬದ ತುದಿಗೆ ಏರಿ, ಕಂಬವನ್ನು ನಾಲ್ಕೂ ಕಡೆಯಿಂದ ಬಿಗಿದು ನಿಲ್ಲಿಸುವ ಉಕ್ಕಿನ ತಂತಿಗಳನ್ನು ನೋಡುವುದು. ಆ ತಂತಿಯ ಒಂದು ಎಳೆ ಸೀಳಿದ್ದರೂ ನಡುಸಮುದ್ರದಲ್ಲಿ ಕಂಬ ಮುರಿದು ಬೀಳಬಹುದು. ಹಲಗೆಯ ಕುರ್ಚಿಯಲ್ಲಿ ಕೂತ ಶಿವಯೋಗಿಯನ್ನು ಮಹಾಂತಪ್ಪನವರೇ ಕೆಳಗಿನಿಂದ ರಾಟೆ ತಿರುಗಿಸಿ ಮೇಲೆತ್ತಿದರು.

ಮೇಲೆ ಕೂತು ಅವನು ಒಂದೊಂದೇ ತಂತಿಯನ್ನು ಬೆರಳಿನಿಂದ ಸವರಿದ. ಒಂದರ ತುದಿಯಲ್ಲಿ ಚಹಾ ಚೆಲ್ಲಿದಂಥ ಸ್ವಲ್ಪ ಕಂದು ಕಲೆಯಿತ್ತು. ಉಪ್ಪುಗಾಳಿಗೆ ಬರುವ ಕಲೆ ಅದು, ಬಟ್ಟೆಯಿಂದ ಒರೆಸಿದರೆ ಹೋಯಿತು. ತಂತಿಗಳೆಲ್ಲ ಗಟ್ಟಿಮುಟ್ಟಾಗಿದ್ದವು. ತಲೆ ಎತ್ತಿ ಪಡುವಣಕ್ಕೆ ನೋಡಿದ. ಹಡಗುಗಳ ಆಚೆ ಸಮುದ್ರ ಬರೀ ಖಾಲಿ ಇತ್ತು. ಮಾಲ್ಡೀವ್ಸಿನವರೆಗೆ ನಾಲ್ಕೈದು ದಿನ ಹೀಗೇ ಖಾಲಿ, ಸೇಶೆಲ್ಸಿನ ದಾರಿಯಲ್ಲಿ ವಾರಗಟ್ಟಲೆ ಖಾಲಿ. ಏನಾದರೂ ಆದರೆ ಕೂಗಿದರೂ ಕೇಳುವವರಿಲ್ಲ. ಅವನು ಕಂಬವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದ. ಸುನಂದಾ ಕೈ ಮುಗಿದದ್ದು ಆಗ ನೆನಪಾಯಿತು. ಮೊದಲು ಬಂದದ್ದು ಅಂಜಿಕೆಯೋ, ಆ ನೆನಪೋ, ಈ ಪ್ರಶ್ನೆಗೆ ಅವನಿಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ.

ಕೆಳಗೆ ಇಳಿದು ಕುರ್ಚಿ ಬಿಚ್ಚುತ್ತ ಹೇಳಿದ: "ಕಾಕಾ, ಬಲಗಡೆ ತಂತಿ ಮ್ಯಾಲಿನ ತುದ್ಯಾಗ ಸೀಳೈತ್ರಿ. ಎರಡ ಎಳಿ ಹೋಗ್ಯಾವ."

ಮಹಾಂತಪ್ಪ ರಾಟೆಯ ಹಿಡಿ ಬಿಟ್ಟರು. "ಬದಲಿ ಮಾಡಿಸಾಕ ಎಷ್ಟು ದಿನ ಬೇಕು?"

"ಆ ನಮೂನಿ ತಂತಿ ಹೊರದೇಶದಿಂದ ಬರಬೇಕ್ರಿ. ಬರೂದ್ರಾಗ ಗಾಳಿ ತಿರುಗತೈತಿ."

"ನಾ ಒಮ್ಮಿ ಏರಿ ನೋಡ್ಲೇನು?"

ಮಹಾಂತಪ್ಪ ಕಂಬವನ್ನು ಬುಡದಿಂದ ತುದಿಯವರೆಗೆ ಒಮ್ಮೆ ನೋಡಿ, ತಾವೇ ತಲೆಯಾಡಿಸಿದರು. "ಬ್ಯಾಡ. ನೀ ನೋಡಿದಿ ಅಂದ ಮ್ಯಾಲ ಮುಗೀತು. ತಿರುಗಿ ಹೋಗೂಣು."

ಹಾಯಿ ಅರ್ಧ ಮಡಿಸಿ, ಎಂಜಿನ್ ಹಾಕಿಕೊಂಡು, ದಡಕ್ಕೆ ಅಂಟಿಕೊಂಡೇ ಗೋವೆಗೆ ಬಂದರು. ದಾರಿಯುದ್ದಕ್ಕೂ ಮಹಾಂತಪ್ಪ ಆಗಾಗ ಆ ಗಟ್ಟಿಮುಟ್ಟಾದ ತಂತಿಯನ್ನು ಕೈಯಿಂದ ಮುಟ್ಟಿ, ಕಾಯಿಲೆ ಬಿದ್ದ ಎತ್ತಿನ ಮೈ ಸವರಿದ ಹಾಗೆ ಸವರುತ್ತಿದ್ದರು. ಶಿವಯೋಗಿ ಚುಕ್ಕಾಣಿಯಿಂದ ಕಣ್ಣು ತೆಗೆಯಲಿಲ್ಲ.

ಊರಿಗೆ ಬಂದ ಮೇಲೆ ಹೊಗಳಿಕೆ ಶುರುವಾಯಿತು. ಮಹಾಂತಪ್ಪ ಅಂಗಡಿಗೆ ಪೈಪು ಕೊಳ್ಳಲು ಬಂದ ರೈತರಿಗೂ ಅದೇ ಕಥೆ ಹೇಳಿದರು. "ಬ್ಯಾರೆ ಯಾವನಾರ ಆಗಿದ್ದರ, ಸಾವಕಾರ ಬ್ಯಾಸರ ಮಾಡಕೋತಾನ ಅಂತ ಸುಮ್ಮನಿರ್ತಿದ್ದ. ಈ ಹುಡುಗ ಮುಖದ ಮ್ಯಾಲ ಹೇಳಿದ. ನನ್ನ ಜೀವಾ ಉಳಿಸಿದ." ವ್ಯಾಪಾರಸ್ಥರ ಸಭೆಯಲ್ಲಿ ಕರೆಸಿ ಶಾಲು ಹೊದಿಸಿದರು. ಶಾಲು ಹೊದಿಸಿದವರು ಮಹಾಂತಪ್ಪನವರೇ. ಮುಂದಿನ ಸಾಲಿನಲ್ಲಿ ಸುನಂದಾ ಕೂತಿದ್ದರು. ಶಿವಯೋಗಿ ಅವರನ್ನು ನೋಡಲಿಲ್ಲ, ಅವರು ಶಿವಯೋಗಿಯನ್ನು ನೋಡಲಿಲ್ಲ. ಮನೆಯಲ್ಲಿ ತಾಯಿ ಮಾಲವ್ವ ಆ ಶಾಲನ್ನು ಬಂದವರಿಗೆಲ್ಲ ತೋರಿಸಿದಳು. ಅವನು ಅದನ್ನು ಟ್ರಂಕಿನ ಅಡಿಗೆ ಹಾಕಿಟ್ಟ.

ಹೆಸರು ಹರಡಿದಂತೆ ಫೋನುಗಳು ಬರತೊಡಗಿದವು. ಬೆಳಗಾವಿಯಿಂದ, ಹುಬ್ಬಳ್ಳಿಯಿಂದ, ಪುಣೆಯಿಂದ. ಹಾಯಿದೋಣಿಯಲ್ಲಿ ದೂರ ಹೋಗಬೇಕೆಂಬ ಹಂಬಲದವರು ಇಷ್ಟು ಜನ ಇದ್ದಾರೆಂದು ಅವನಿಗೆ ಗೊತ್ತೇ ಇರಲಿಲ್ಲ. ಯಾವ ದೋಣಿ ಕೊಳ್ಳಲಿ, ಯಾರ ಹತ್ತಿರ ಕಲಿಯಲಿ, ಯಾವ ತಿಂಗಳಲ್ಲಿ ಹೊರಡಲಿ ಎಂದು ಕೇಳುತ್ತಿದ್ದರು. ಅವನು ತಾಳ್ಮೆಯಿಂದ ಹೇಳುತ್ತಿದ್ದ. ದೊಡ್ಡ ದೋಣಿ ಬೇಡ, ಒಬ್ಬರೇ ನಿಭಾಯಿಸುವಷ್ಟು ಇರಲಿ. ಮೊದಲ ವರ್ಷ ದಡದ ಗುಂಟವೇ ಓಡಾಡಿ. ಹವಾಮಾನ ತಿಳಿಯಲು ಒಂದನ್ನೇ ನಂಬದೆ ಎರಡು ಮೂರು ಕಡೆ ನೋಡಿ. ಅಪಾಯದಲ್ಲಿ ಸಂಕೇತ ಕಳಿಸುವ ಯಂತ್ರವನ್ನು ನಿಮ್ಮ ಹೆಸರಿಗೆ ನೋಂದಾಯಿಸಿಕೊಂಡೇ ಹೊರಡಿ. ಕೊನೆಗೆ ಎಲ್ಲರಿಗೂ ಒಂದು ಮಾತು ತಪ್ಪದೆ ಹೇಳುತ್ತಿದ್ದ: "ಕಂಬದ ತುದಿಗೆ ನೀವ ಏರಿ ನೋಡ್ರಿ. ಯಾರ ಮಾತೂ ನಂಬಬ್ಯಾಡ್ರಿ." ಆಚೆಯವರು ಎಂಥ ಪ್ರಾಮಾಣಿಕ ಮನುಷ್ಯ ಎಂದು ಮೆಚ್ಚುತ್ತಿದ್ದರು. ಫೋನ್ ಇಟ್ಟ ಮೇಲೆ ಅವನಿಗೆ ಬಾಯೆಲ್ಲ ಕಹಿಯಾಗುತ್ತಿತ್ತು.

ಮುಂದಿನ ಡಿಸೆಂಬರಿಗೆ ತಂತಿ ಬದಲಿಸಿಕೊಂಡು ಮತ್ತೆ ಹೊರಡುವುದೆಂದು ಮಾತಾಗಿತ್ತು. ಈ ಸಲ ಅಂಜುವುದಿಲ್ಲ, ಹೋಗಿಯೇ ತೀರುವುದು, ಹಾಗೆ ಹೋದರೆ ಹಳೆಯದು ಅಲ್ಲಿಗೇ ತೀರಿಹೋಗುತ್ತದೆ ಎಂದು ಶಿವಯೋಗಿ ತನ್ನನ್ನು ತಾನು ಸಮಾಧಾನ ಮಾಡಿಕೊಂಡಿದ್ದ. ಆದರೆ ಆ ಮಳೆಗಾಲದಲ್ಲಿ ಮಹಾಂತಪ್ಪ ಅಂಗಡಿಯಲ್ಲಿ ತಲೆಸುತ್ತಿ ಬಿದ್ದರು. ಹೃದಯದ ಬಡಿತ ತಾಳ ತಪ್ಪುತ್ತಿದೆ ಎಂದರು ಹುಬ್ಬಳ್ಳಿಯ ಡಾಕ್ಟರು. ರಕ್ತ ತೆಳುವಾಗಿಸುವ ಗುಳಿಗೆ ಬದುಕಿರುವವರೆಗೂ ತಪ್ಪಿಸುವ ಹಾಗಿಲ್ಲ, ದೊಡ್ಡ ದವಾಖಾನೆಯಿಂದ ದೂರ ಇರುವ ಹಾಗಿಲ್ಲ. ಸಮುದ್ರದ ಮಾತನ್ನು ಅವರು ಕೇಳಿದಾಗ ಡಾಕ್ಟರು ತಮಾಷೆ ಎಂದುಕೊಂಡು ನಕ್ಕರಂತೆ.

ಶಿವಯೋಗಿ ಮಾತಾಡಿಸಲು ಹೋದಾಗ ಮಹಾಂತಪ್ಪ ಮಂಚದ ಮೇಲೆ ಒರಗಿ ಕೂತಿದ್ದರು. "ಇರಲಿ ಬಿಡು. ಹ್ವಾದ ವರ್ಷ ತಂತಿ ಚಲೋ ಇತ್ತಂದ್ರ ಹೋಗಿಬರ್ತಿದ್ವಿ. ತಂತಿ ಹಣೇಬರಾ, ನನ್ನ ಹಣೇಬರಾ," ಎಂದರು. ಅವನು ಹೊರಬರುವಾಗ ಸುನಂದಾ ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದರು: "ನೋಡಿದೇನು? ಇದು ನಡುನೀರಾಗ ಆಗಿದ್ದರ ಏನ್ ಗತಿ? ದೇವ್ರು ನಿನ್ನ ಬಾಯಾಗ ಬಂದು ಹೇಳಿಸಿದ ಅಂತ ತಿಳಕೊ."

ಹಾಗೆ ತಿಳಿದುಕೊಳ್ಳಲು ಅವನು ಬಹಳ ಪ್ರಯತ್ನಪಟ್ಟ. ಲೆಕ್ಕಕ್ಕೆ ಅದು ಸರಿಯೂ ಇತ್ತು. ಆದರೆ ಹಿಂದಿನ ವರ್ಷ ಆ ಹೃದಯ ಚೆನ್ನಾಗಿಯೇ ಬಡಿಯುತ್ತಿತ್ತಲ್ಲ. ಚುಕ್ಕಾಣಿ ಹಿಡಿದು ನಿಂತ ಮಹಾಂತಪ್ಪನವರ ಮುಖ ಕಣ್ಣ ಮುಂದೆ ಬರುತ್ತಿತ್ತು. ಅವರ ಪಾಲಿಗೆ ಇದ್ದದ್ದು ಒಂದೇ ಒಂದು ಗಾಳಿಗಾಲ. ಅದನ್ನು ತಾನು ಕಸಿದುಕೊಂಡಿದ್ದ. ದೇವರು ತನ್ನ ಬಾಯಲ್ಲಿ ಬರಲಿಲ್ಲ. ಬಂದವನು ತಾನೇ.

ದೋಣಿಯನ್ನು ಕೊಟ್ಟುಬಿಡಲು ಮಹಾಂತಪ್ಪ ಮನಸ್ಸು ಮಾಡಿದರು. ಮುಂಡಗೋಡದಲ್ಲಿ ದನಗಳ ಡಾಕ್ಟರಾಗಿರುವ ಸುಮಿತಾ, ಆಕೆಯ ಗಂಡ ಅಜಯ, ಇಬ್ಬರೂ ಒಂದೆರಡು ವರ್ಷದಿಂದ ಗೋವೆಯಲ್ಲಿ ಹಾಯಿದೋಣಿ ಕಲಿಯುತ್ತಿದ್ದರು. ಅಜಯ ಪಾಳಾ ಊರಿನ ರೈತರ ಮನೆಯವನು, ಮಳಗಿಯ ಶಾಲೆಯಲ್ಲಿ ಆಟದ ಮಾಸ್ತರ. ಮಹಾಂತಪ್ಪ ಹೋಗಬೇಕೆಂದಿದ್ದ ದಾರಿಯಲ್ಲೇ ಅವರು ಹೋಗುವವರಿದ್ದರು. ಬೆಲೆಯ ಮಾತು ಸರಳವಾಗಿ ಮುಗಿಯಿತು. ಆದರೆ ಮಹಾಂತಪ್ಪ ಒಂದು ಪಟ್ಟು ಹಿಡಿದರು: "ಸೀಳಿದ ತಂತಿ ಇಟ್ಟಕೊಂಡು ದೋಣಿ ಕೊಡಾಂಗಿಲ್ಲ. ಶಿವಯೋಗಿ ಬಂದು ಎಲ್ಲಿ ಸೀಳೈತಿ ಅಂತ ಇವ್ರಿಗೆ ತೋರಿಸಲಿ. ಕಣ್ಣೀಲೆ ನೋಡಿ ಕಲೀಲಿ."

ನಾಲ್ವರೂ ಪಣಜಿಗೆ ಹೋದರು. ಕಾರಿನಲ್ಲಿ ಶಿವಯೋಗಿ ಹಿಂದಿನ ಸೀಟಿನಲ್ಲಿ ಮುದುಡಿ ಕೂತಿದ್ದ. ಜ್ವರ ಬಂದಿದೆಯೇ ಎಂದು ಸುಮಿತಾ ಎರಡು ಸಲ ಕೇಳಿದಳು. ದೋಣಿಯ ಮೇಲೆ ಅಜಯ ತಾನೇ ಕಂಬ ಏರಿ, ಬಲಗಡೆಯ ತಂತಿ ಬಿಚ್ಚಿ ಕೆಳಗೆ ಬಿಟ್ಟ. ಮಹಾಂತಪ್ಪ ಕನ್ನಡಕ ಏರಿಸಿಕೊಂಡು, ತಂತಿಯ ತುದಿಯನ್ನು ತೊಡೆಯ ಮೇಲಿಟ್ಟುಕೊಂಡು, ತಿರುಗಿಸಿ ತಿರುಗಿಸಿ ನೋಡಿದರು. ಸುಮಿತಾ ಉಗುರಿನಿಂದ ಎಳೆ ಎಳೆಯನ್ನೂ ಕೆದರಿ ನೋಡಿದಳು.

"ಎಲ್ಲಿ ಐತ್ರಿ ಸೀಳು? ನನಗ ಕಾಣವಲ್ದು," ಎಂದಳು.

"ನನ್ನ ಕಣ್ಣಿಗೂ ಸಿಗವಲ್ದು. ಶಿವಯೋಗಿ, ಬಾ ಇಲ್ಲೆ. ತೋರಿಸು."

ಇದೋ ಇಲ್ಲಿ ಒಳಗಿದೆ, ಹೊರಗೆ ಕಾಣುವುದಿಲ್ಲ ಎಂದು ಹೇಳಿದ್ದರೆ ನಡೆದುಹೋಗುತ್ತಿತ್ತು. ಮೂವರೂ ನಂಬುತ್ತಿದ್ದರು. ಆ ಮಾತು ಅವನ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಮಹಾಂತಪ್ಪನವರು ತಂತಿಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಕಡೆಗೆ ಚಾಚಿದ್ದರು.

"ಸೀಳಿಲ್ರಿ ಕಾಕಾ," ಎಂದ ಶಿವಯೋಗಿ. "ಅವತ್ತೂ ಇದ್ದಿದ್ದಿಲ್ಲ."

ಮಹಾಂತಪ್ಪ ತಂತಿಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು. "ಮತ್ತ್ಯಾಕ ಹೇಳಿದಿ?"

"ಅಂಜಿದ್ದೆರಿ."

ಸುನಂದಾ ಅವರ ಹೆಸರು ಅವನು ಎತ್ತಲಿಲ್ಲ. ಅಜಯ, ಸುಮಿತಾ ಏನೋ ನೆಪ ಮಾಡಿಕೊಂಡು ದೋಣಿಯ ಮುಂಭಾಗಕ್ಕೆ ಹೋದರು. ಮಹಾಂತಪ್ಪ ತಂತಿಯನ್ನು ಸುರುಳಿ ಸುತ್ತಿ ಮೆಲ್ಲಗೆ ಕೆಳಗಿಟ್ಟರು. ಬೈದಿದ್ದರೆ, ಕೈ ಎತ್ತಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವರು ಮಾಡಿದ್ದಿಷ್ಟೇ: ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ನದಿಯ ಕಡೆ ಮುಖ ಮಾಡಿ ಕೂತರು.

ವಾಪಸು ಬರುವಾಗ ಅನಮೋಡ ಘಾಟು ಹತ್ತಿ ಬಂದು, ರಾಮನಗರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಮಹಾಂತಪ್ಪ ಕಪ್ಪು ಹಿಡಿದುಕೊಂಡು ಶಿವಯೋಗಿಯ ಹತ್ತಿರ ಬಂದರು.

"ಅವತ್ತ ನನಗೂ ಅಂಜಿಕಿ ಆಗಿತ್ತೋ," ಎಂದರು. "ರಾಟಿ ತಿರುಗಿಸೂಮುಂದ ನನ್ನ ಕೈ ನಡಗತಿದ್ವು. ನೀ ಮ್ಯಾಲಿದ್ದಿ, ನಿನಗ ಕಂಡಿರಲಿಕ್ಕಿಲ್ಲ. ಕೆಳಗ ಬಂದು 'ಕಾಕಾ, ಅಂಜಿಕಿ ಆಗತೈತಿ' ಅಂದಿದ್ದರ, 'ನನಗೂ' ಅಂತಿದ್ದೆ. ಇಬ್ಬರೂ ಅಂಜಕೋತ ಹೋಗತಿದ್ವಿ. ಇಲ್ಲಾಂದ್ರ ಇಬ್ಬರೂ ಕೂಡಿ ತಿರುಗತಿದ್ವಿ. ನೀ ಒಬ್ಬನ ತಿರುಗಿದಿ. ನನ್ನ ಹೊತಗೊಂಡು ತಿರುಗಿದಿ."

ಶಿವಯೋಗಿ ತಲೆ ತಗ್ಗಿಸಿ ನಿಂತ. "ತಪ್ಪಾತ್ರಿ" ಎಂಬ ಮಾತು ಬಾಯಿಗೆ ಬಂದರೂ, ಅದು ಎಷ್ಟು ಸಣ್ಣದು ಎನ್ನಿಸಿ ನುಂಗಿಕೊಂಡ. ಮಹಾಂತಪ್ಪ ಅವನ ಉತ್ತರಕ್ಕೆ ಕಾಯದೆ ಹೋಗಿ ಕಾರಿನಲ್ಲಿ ಕೂತರು.

ವಾರದೊಳಗೆ ಸುನಂದಾ ಬಸ್ಸಿನಲ್ಲಿ ದಾಂಡೇಲಿಗೆ ಬಂದರು. ಮಾಲವ್ವ ಸಂಭ್ರಮದಿಂದ ಚಾಪೆ ಹಾಸಿ, ಚಹಾಕ್ಕೆ ಇಡಲು ಒಳಗೆ ಹೋದಳು. ಸುನಂದಾ ಚಾಪೆಯ ತುದಿಯಲ್ಲಿ ಕೂತು, ಸೆರಗಿನಿಂದ ಮುಖ ಒರೆಸಿಕೊಂಡರು.

"ಹೇಳಿಬಿಟ್ಟೆ," ಎಂದರು. "ನೀ ನನ್ನ ಹೆಸರ ಹೇಳದ ಬಂದೀದಿ. ಎಲ್ಲಾ ನಿನ್ನ ತಲಿಮ್ಯಾಲ ಹಾಕಿ ನಾ ಹೆಂಗ ಅನ್ನ ತಿನ್ನಲಿ?"

"ಕಾಕಾರು ಏನಂದ್ರು?"

"ನಾಕ ದಿನಾ ಮಾತಾಡಲಿಲ್ಲ. ಉಪ್ಪ ಕೊಡು, ನೀರ ಕೊಡು, ಇಷ್ಟ. ಐದನೇ ದಿನಾ ಮುಂಜಾನೆ ಪೂಜಾ ಮುಗಿಸಿ ಎದ್ದು ಬಂದು ಹೇಳಿದ್ರು..." ಸುನಂದಾ ಸೆರಗು ಸರಿಮಾಡಿಕೊಂಡರು. "'ನೀ ಹೇಳಿದಿ, ಅವ ಮಾಡಿದ. ನೀ ಹೇಳಿದ್ದಕ್ಕ ನಾಕ ದಿನಾ ಮಾತ ಬಿಟ್ಟೆ, ಆತು. ಅವ ಮಾಡಿದ್ದಕ್ಕ ಎಷ್ಟ ದಿನಾ ಬಿಡಬೇಕೋ ನನಗ ಇನ್ನೂ ತಿಳಿದಿಲ್ಲ,' ಅಂದ್ರು."

"ಖರೇನ ಐತ್ರಿ ಕಾಕೂ. ಮಾಡಿದಾಂವ ನಾನ."

"ಹಂಗನಬ್ಯಾಡೋ. ಕೈ ಮುಗಿದು ನಿನ್ನ ಕಟ್ಟಿ ಹಾಕಿದಾಕಿ ನಾನು."

"ನೀವು ಕೈ ಮುಗೀದಿದ್ದರೂ ನಾ ತಿರುಗತಿದ್ದೆ ಅನಸತೈತ್ರಿ," ಎಂದ ಶಿವಯೋಗಿ. ಹೇಳಿದ ಮೇಲೆ ಅದು ನಿಜವೋ, ಅವರನ್ನು ಸಮಾಧಾನ ಮಾಡಲು ಹೇಳಿದ್ದೋ ಅವನಿಗೇ ತಿಳಿಯಲಿಲ್ಲ. ಮಾಲವ್ವ ಚಹಾ ತಂದಳು.

ಅಜಯ, ಸುಮಿತಾ ಹೊರಡುವ ತಯಾರಿಗೆ ಶಿವಯೋಗಿಯನ್ನೇ ಕರೆದರು. ನನ್ನನ್ನು ಯಾಕೆ ಕರೆಯುತ್ತೀರಿ ಎಂದು ಅವನು ಕೇಳಿದ. ಸುಮಿತಾ ನೇರವಾಗಿಯೇ ಹೇಳಿದಳು: "ದೋಣಿ ನಿಮಗ ಗೊತ್ತೈತಿ, ಅದಕ್ಕ. ನೀವು ಹೇಳಿದ್ದೆಲ್ಲಾ ನಾವೂ ಒಮ್ಮಿ ನೋಡತೇವಿ. ಬ್ಯಾಸರ ಮಾಡಕೋಬ್ಯಾಡ್ರಿ." ಬೇಸರ ಮಾಡಿಕೊಳ್ಳುವ ಹಕ್ಕು ತನಗೆಲ್ಲಿದೆ ಎಂದುಕೊಂಡು ಒಪ್ಪಿಕೊಂಡ. ಎರಡು ತಿಂಗಳು ಮೈಮುರಿದು ದುಡಿದ. ನೀರಿನ ಕ್ಯಾನುಗಳನ್ನು ಕಟ್ಟಿದ, ಹಾಯಿಯ ಹೊಲಿಗೆ ಬಿಟ್ಟಲ್ಲಿ ಹೊಲಿದ, ಲಂಗರಿನ ಸರಪಳಿಯ ಕೊಂಡಿ ಕೊಂಡಿಯನ್ನೂ ಬಡಿದು ನೋಡಿದ. ಅವನು ಮುಗಿಸಿದ ಪ್ರತಿಯೊಂದು ಕೆಲಸವನ್ನೂ ಅಜಯ ಬಂದು ಮತ್ತೊಮ್ಮೆ ನೋಡುತ್ತಿದ್ದ. ಅಜಯ ನೋಡುವಾಗ ಶಿವಯೋಗಿ ಬೇರೆ ಕಡೆ ಮುಖ ತಿರುಗಿಸುತ್ತಿದ್ದ.

ಅವರು ಹೊರಟ ದಿನ ಮಹಾಂತಪ್ಪ, ಸುನಂದಾ ಇಬ್ಬರೂ ಪಣಜಿಯ ದಡಕ್ಕೆ ಬಂದಿದ್ದರು. ಸುನಂದಾ ನೀರಿನಿಂದ ಹತ್ತು ಮಾರು ದೂರದಲ್ಲೇ ನಿಂತು, ರೊಟ್ಟಿಯ ಡಬ್ಬಿಗಳನ್ನು ಗಂಡನ ಕೈಗೆ ಕೊಟ್ಟರು. ಮಹಾಂತಪ್ಪ ದೋಣಿಯ ಮೇಲೆ ಹತ್ತಿ ಚುಕ್ಕಾಣಿಯನ್ನು ಒಮ್ಮೆ ಹಿಡಿದು ಬಿಟ್ಟರು. ಇಳಿಯುವಾಗ ದೋಣಿ ವಾಲಿತು. ಶಿವಯೋಗಿ ಕೈ ಚಾಚಿದ. ಅವರು ಆ ಕೈಯನ್ನು ನೋಡಿ, ಪಕ್ಕದ ಹಗ್ಗ ಹಿಡಿದುಕೊಂಡು ಇಳಿದರು.

ಜನವರಿ ಬಂತು. ಗಣೇಶಗುಡಿಯಲ್ಲಿ ಪ್ರವಾಸಿಗರ ಗದ್ದಲ. ಒಂದು ಬೆಳಿಗ್ಗೆ ಶಿವಯೋಗಿ ರಾಫ್ಟಿಗೆ ಗಾಳಿ ತುಂಬುತ್ತಿದ್ದಾಗ ಫೋನ್ ಬಡಿಯಿತು. ಪರದೆಯ ಮೇಲೆ ಬಹಳ ದಿನಗಳಿಂದ ಕಾಣದ ಹೆಸರು. ಅವನು ಕೈ ಒರೆಸಿಕೊಂಡು, ದೂರ ಹೋಗಿ ನಿಂತು ಎತ್ತಿದ.

"ಶಿವಯೋಗಿ, ಮಹಾಂತಪ್ಪ ಮಾತಾಡೂದು." ದನಿ ಗಡುಸಾಗಿತ್ತು, ಅಪರಿಚಿತರಿಗೆ ಹೇಳುವ ಹಾಗೆ. "ಹುಡುಗರು ಮಾಲ್ಡೀವ್ಸಿನ ಮ್ಯಾಲಿನ ದ್ವೀಪಕ್ಕ ಮುಟ್ಯಾರ. ಚಲೋ ಹ್ವಾದ್ರು. ಆದರ ದೊಡ್ಡ ಹಾಯಿ ಅರ್ಧಕ್ಕ ಸಿಕ್ಕೊಂಡೈತಂತ, ಕೆಳಗ ಇಳೀವಲ್ದಂತ. ನನ್ನ ಕೇಳಿದ್ರು. ನನಗ ನೆನಪಿಲ್ಲ. ನಿನ್ನ ಫೋನ್ ಹತ್ತವಲ್ದಂತ ಅವ್ರಿಗೆ."

ಶಿವಯೋಗಿ ಕಣ್ಣು ಮುಚ್ಚಿದ. ಆ ಕಂಬದ ಒಂದೊಂದು ಮೊಳೆಯೂ ಅವನಿಗೆ ಕಾಣುತ್ತಿತ್ತು. "ಕಂಬದ ನಡುವ, ಎರಡನೇ ಅಡ್ಡಪಟ್ಟಿ ಕೆಳಗ, ಒಂದು ಸ್ಕ್ರೂ ತಲಿ ಹೊರಗ ಬಂದಿರತೈತ್ರಿ. ಬಿಸಲಿಗೆ ಹಂಗಾಗತೈತಿ. ಕಂಬದ ಗುಂಟ ಜಾರೂ ಹಾಯಿಯ ಗುಂಡಿ ಅದಕ್ಕ ಸಿಗತೈತಿ. ಎಳೀಬಾರದ್ರಿ, ಎಳದ್ರ ಹರೀತೈತಿ. ದೋಣಿ ಮೂತಿ ಗಾಳಿಗೆ ಹಿಡಿಬೇಕು, ಹಾಯಿ ಒಂದ ಗೇಣು ಮ್ಯಾಲ ಎತ್ತಬೇಕು, ಆಮ್ಯಾಲ ಅಲಗಾಡಿಸಿ ಬಿಡಬೇಕು. ಸ್ಕ್ರೂ ಆಮ್ಯಾಲ ಬಿಗೀಲಿ."

ಮಹಾಂತಪ್ಪ ಒಂದೊಂದು ಮಾತನ್ನೂ ತಿರುಗಿ ಹೇಳಿಕೊಂಡರು. ಮೂತಿ ಗಾಳಿಗೆ. ಒಂದು ಗೇಣು ಮೇಲೆ. ಅಲುಗಾಡಿಸಿ ಬಿಡುವುದು. ಹೇಳಿಕೊಳ್ಳುತ್ತ ಅವರ ದನಿ ಸ್ವಲ್ಪ ಮೊದಲಿನಂತಾಯಿತು, ದೋಣಿಯ ಮೇಲಿದ್ದಾಗಿನಂತೆ. ಮುಗಿದ ಮೇಲೂ ಅವರು ಫೋನ್ ಇಡಲಿಲ್ಲ. ಹಿಂದೆ ಅಂಗಡಿಯ ಸದ್ದು, ಯಾರೋ ಪೈಪಿನ ಅಳತೆ ಕೇಳುತ್ತಿದ್ದದ್ದು ಕೇಳಿಸಿತು.

"ಶಿವಯೋಗಿ."

"ಏನ್ರಿ ಕಾಕಾ."

"ಖರೇನ ಹೇಳಾಕತ್ತೀಯಲ್ಲಾ?"

ಈ ಮಾತು ಇನ್ನು ಎಷ್ಟು ವರ್ಷ, ಎಷ್ಟು ಸಲ ಕೇಳಬೇಕಾದೀತೋ, ಕೇ‍ಳಿದಷ್ಟು ಸಲವೂ ಉತ್ತರ ಕೊಡಬೇಕು ಎಂದು ಅವನಿಗೆ ಅನ್ನಿಸಿತು.

"ಖರೇನ ಹೇಳಾಕತ್ತೇನ್ರಿ."

"ಹ್ಞೂಂ," ಎಂದರು ಮಹಾಂತಪ್ಪ. "ಹಾಯಿ ಇಳೀತಂದ್ರ ಫೋನ್ ಮಾಡತೇನಿ."

ಶಿವಯೋಗಿ ಫೋನನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ಹೊಳೆಯ ದಂಡೆಯಲ್ಲಿ ನಿಂತ. ರಾಫ್ಟಿನವರು ಎರಡು ಸಲ ಕೂಗಿದರು. ಇವತ್ತು ಇನ್ನೊಬ್ಬರನ್ನು ಕಳಿಸಿ ಎಂದು ಕೈಸನ್ನೆ ಮಾಡಿ, ಅವನು ಅಲ್ಲೇ ಒಂದು ಬಂಡೆಯ ಮೇಲೆ ಕೂತುಕೊಂಡ.